ಕಾಂಕ್ರೀಟ್ ನೆಲದ ಮೇಲೆ ಮರದ ಹಲಗೆಯ ಹಾಸು

ಕಾಂಕ್ರೀಟ್ ನೆಲದ ಮೇಲೆ ಮರದ ಹಲಗೆಯ ಹಾಸು ಎಂದರೆ ಮನೆಯ ಏರುತಗ್ಗಾದ ಕಾಂಕ್ರೀಟ್ ನೆಲವನ್ನು ಸರಿಪಡಿಸಿ, ಅದನ್ನೇ ತಳಹದಿಯಾಗಿಟ್ಟುಕೊಂಡು, ಮೇಲೆ ಮರದ ಹಲಗೆಗಳನ್ನು ಜೋಡಿಸಿ ನಡೆದಾಡುವ ಹೊಸ ನೆಲವನ್ನು ನಿರ್ಮಿಸುವ ಕೆಲಸ. ಹಳೆಯ ಕಾಂಕ್ರೀಟನ್ನು ಪೂರ್ತಿ ಒಡೆದು ತೆಗೆಯುವುದು ಅಪರೂಪ. ಉಬ್ಬಿದ ಭಾಗವನ್ನು ತೇಯ್ದು, ತಗ್ಗನ್ನು ತುಂಬಿ, ಅಥವಾ ಮರದ ಪಟ್ಟಿಗಳ ಚೌಕಟ್ಟಿನಿಂದ ಮೇಲ್ಮೈಯನ್ನು ಸಮಗೊಳಿಸಿ ಹಲಗೆ ಹಾಸುವುದು ಸಾಮಾನ್ಯ ಕ್ರಮ. ಶೀತ ದೇಶಗಳಲ್ಲಿ ಪಾದಕ್ಕೆ ಬೆಚ್ಚಗಿರಲೆಂದು ಈ ಹಾಸನ್ನು ಬಯಸುತ್ತಾರೆ. ಭಾರತದಲ್ಲಿ ಇದು ಮುಖ್ಯವಾಗಿ ನಗರಗಳ ಬಹುಮಹಡಿ ಮನೆಗಳಲ್ಲಿ, ಮಲಗುವ ಕೋಣೆಗಳಲ್ಲಿ ಮತ್ತು ಬ್ಯಾಡ್ಮಿಂಟನ್‌ನಂಥ ಒಳಾಂಗಣ ಕ್ರೀಡಾಂಗಣಗಳಲ್ಲಿ ಕಾಣಸಿಗುತ್ತದೆ.

ಕೊಳ್ಳುವವರ ಗಮನವೆಲ್ಲ ಮರದ ಜಾತಿ, ಬಣ್ಣ ಮತ್ತು ಹೊಳಪಿನ ಮೇಲಿರುವುದು ಸಹಜ. ಆದರೆ ಹಾಸಿದ ಹಲಗೆ ಒಂದೆರಡು ಮಳೆಗಾಲಗಳಲ್ಲೇ ಉಬ್ಬುವುದು, ಸೊಟ್ಟಗಾಗುವುದು, ಕಿರ್‌ಗುಟ್ಟುವುದು ಇವುಗಳಿಗೆ ಕಾರಣ ಬಹುಮಟ್ಟಿಗೆ ಹಲಗೆಯ ಕೆಳಗಿರುತ್ತದೆ: ಕಾಂಕ್ರೀಟಿನ ತೇವ ಮತ್ತು ಕಾಂಕ್ರೀಟಿನ ಏರುತಗ್ಗು. ಇವೆರಡರಲ್ಲಿ ಏರುತಗ್ಗು ಕಣ್ಣಿಗೆ ಬೀಳುತ್ತದೆ, ತೇವ ಬೀಳುವುದಿಲ್ಲ.

ಹಿನ್ನೆಲೆ

ಮರದ ನೆಲ ಹಳೆಯದು. ಅದನ್ನು ಕಾಂಕ್ರೀಟಿನ ಮೇಲೆ ಹಾಸುವ ಪದ್ಧತಿ ಹೊಸದು. ಮಲೆನಾಡಿನ ಹಳೆಯ ಮನೆಗಳಲ್ಲಿ ಕೆಳಗಿನ ನೆಲ ಮಣ್ಣಿನದಾಗಿದ್ದು ಸಗಣಿಯಿಂದ ಸಾರಿಸಲ್ಪಡುತ್ತಿತ್ತು; ಹಲಗೆ ಇರುತ್ತಿದ್ದುದು ಉಪ್ಪರಿಗೆಯಲ್ಲಿ, ತೊಲೆಗಳ ಮೇಲೆ. ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ನೆಲಮಹಡಿಗೂ ಹಲಗೆ ಹಾಸುತ್ತಿದ್ದರು. ಆದರೆ ಹಲಗೆಯ ತೊಲೆಗಳ ಕೆಳಗೆ ಟೊಳ್ಳು ಬಿಟ್ಟು, ಹೊರಗೋಡೆಯಲ್ಲಿ ಗಾಳಿಕಿಂಡಿಗಳನ್ನಿಡುತ್ತಿದ್ದರು. ಎರಡೂ ಕಡೆ ತತ್ತ್ವ ಒಂದೇ: ಮರವನ್ನು ಮಣ್ಣಿನ ತೇವಕ್ಕೆ ತಾಗಿಸದೆ ಮೇಲೆತ್ತಿಡುವುದು. ಕಾಂಕ್ರೀಟ್ ನೆಲ ಬಂದ ಮೇಲೆ ಆ ಗಾಳಿಯ ಜಾಗ ಮಾಯವಾಯಿತು, ಹಲಗೆ ನೇರವಾಗಿ ತೇವದ ನೆರೆಗೆ ಬಂತು.

ಮರ ಮತ್ತು ನೀರಿನ ಸಂಬಂಧಕ್ಕೆ ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ಕುತೂಹಲಕರವಾದ ಉದಾಹರಣೆಯಿದೆ. ಅಲ್ಲಿನ ಅಮೃತಶಿಲೆಯ ನೆಲಗಳನ್ನು ಪದೇ ಪದೇ ತೊಳೆಯಬೇಕಾಗುತ್ತಿತ್ತು. ಆ ನೀರು ಇಳಿದು ಕೆಳಗಿನ ಮರದ ತೊಲೆಗಳು ಕೊಳೆಯುತ್ತಿದ್ದವು. ಹಾಗಾಗಿ 1684ರಲ್ಲಿ ಕಲ್ಲಿನ ಬದಲು ಮರದ ತುಂಡುಗಳನ್ನು ಚೌಕಾಕಾರವಾಗಿ ಜೋಡಿಸಿದ ಹಾಸನ್ನು ಹಾಕಲಾಯಿತು. ಅದು ಇಂದಿಗೂ ಆ ಅರಮನೆಯ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ನೆಲ ತೊಳೆಯುವುದನ್ನು ನಿಲ್ಲಿಸಲು ಮರ ತಂದರು ಎಂಬ ಈ ಸಂಗತಿ, ಮರ ಹಾಸಿದ ಮೇಲೂ ನೀರು ಸುರಿದು ಒರೆಸುವ ಮನೆಗಳಿಗೆ ಇಂದಿಗೂ ಅನ್ವಯಿಸುತ್ತದೆ.

ಕಾಂಕ್ರೀಟ್ ನೆಲ ಏಕೆ ಸಮವಿರುವುದಿಲ್ಲ

ಕರ್ನಾಟಕದ ಸಾಮಾನ್ಯ ಮನೆಯ ನೆಲಮಹಡಿಯನ್ನು ಹೀಗೆ ಕಟ್ಟುತ್ತಾರೆ: ತಳಪಾಯದ ಗೋಡೆಗಳ ನಡುವೆ ಮಣ್ಣು ತುಂಬಿ ದಮ್ಮಸು ಮಾಡಿ, ಅದರ ಮೇಲೆ ದಪ್ಪ ಕಲ್ಲು ಹಾಸಿ, 75ರಿಂದ 100 ಮಿ.ಮೀ. ದಪ್ಪದ ಜಲ್ಲಿ ಕಾಂಕ್ರೀಟ್ ಸುರಿದು, ಕೊನೆಗೆ ಸಿಮೆಂಟ್ ಗಾರೆ ಬಳಿಯುತ್ತಾರೆ ಅಥವಾ ಟೈಲ್ಸ್ ಕೂರಿಸುತ್ತಾರೆ. ತುಂಬಿದ ಮಣ್ಣು ಸರಿಯಾಗಿ ಕೂತಿರದಿದ್ದರೆ ಕೆಲವು ವರ್ಷಗಳಲ್ಲಿ ಅದು ಇಳಿಯುತ್ತದೆ, ಅದರೊಂದಿಗೆ ನೆಲದ ನಡುಭಾಗವೂ ಕುಸಿಯುತ್ತದೆ. ಕಪ್ಪು ಎರೆಮಣ್ಣಿನ ಪ್ರದೇಶಗಳಲ್ಲಿ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ನೆಲ ವರ್ಷವಿಡೀ ಅಲುಗಾಡುತ್ತಲೇ ಇರುತ್ತದೆ. ಇನ್ನೂ ಇಳಿಯುತ್ತಿರುವ ಇಂಥ ನೆಲದ ಮೇಲೆ ಹಲಗೆ ಹಾಸುವುದು ವ್ಯರ್ಥ.

ಮತ್ತೊಂದು ಕಾರಣ ದೋಷವಲ್ಲ, ಉದ್ದೇಶ. ನೆಲ ತೊಳೆದ ನೀರು ಬಾಗಿಲಿನತ್ತ ಅಥವಾ ಬಚ್ಚಲಿನತ್ತ ಹರಿಯಲೆಂದು ಗಾರೆಯವರು ನೆಲಕ್ಕೆ ‘ವಾಟ’ ಕೊಟ್ಟಿರುತ್ತಾರೆ. ಹಲಗೆ ಹಾಸುವವರು ಇಲ್ಲಿ ಎರಡು ಗುಣಗಳನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ನೆಲ ಮಟ್ಟವಾಗಿರುವುದು ಬೇರೆ, ಸಪಾಟಾಗಿರುವುದು ಬೇರೆ. ಒಂದೇ ಕಡೆಗೆ ಏಕಪ್ರಕಾರವಾಗಿ ವಾಲಿದ ನೆಲ ಮಟ್ಟವಾಗಿಲ್ಲದಿದ್ದರೂ ಸಪಾಟಾಗಿರಬಹುದು; ಅದರ ಮೇಲೆ ಹಲಗೆ ಚೆನ್ನಾಗಿಯೇ ಕೂರುತ್ತದೆ. ತೊಂದರೆ ಕೊಡುವುದು ಗುಂಡಿ ಮತ್ತು ದಿಬ್ಬಗಳು. ಹಲಗೆಯ ಕೆಳಗೆ ಟೊಳ್ಳು ಉಳಿದರೆ ಪ್ರತಿ ಹೆಜ್ಜೆಗೂ ಅದು ಬಾಗಿ ಏಳುತ್ತದೆ, ಅಂಚುಗಳು ಒಂದಕ್ಕೊಂದು ಉಜ್ಜಿ ಸದ್ದು ಬರುತ್ತದೆ, ಕೊನೆಗೆ ಜೋಡಣೆಯ ನಾಲಿಗೆ ಮುರಿಯುತ್ತದೆ.

ಪರೀಕ್ಷೆಗೆ 2 ಮೀಟರ್ ಉದ್ದದ ನೇರವಾದ ಅಲ್ಯೂಮಿನಿಯಂ ಮಟ್ಟಗೋಲು ಸಾಕು. ಅದನ್ನು ನೆಲದ ಮೇಲೆ ಬೇರೆ ಬೇರೆ ದಿಕ್ಕಿನಲ್ಲಿಟ್ಟು ಕೆಳಗಿನ ಸಂದನ್ನು ಅಳೆಯುತ್ತಾರೆ. ಬ್ರಿಟಿಷ್ ಮಾನಕದಲ್ಲಿ ಈ ಸಂದು 3, 5 ಅಥವಾ 10 ಮಿ.ಮೀ. ಮೀರದಿರುವ ಮೂರು ದರ್ಜೆಗಳಿವೆ. ಹಲಗೆಯನ್ನು ನೇರವಾಗಿ ಅಂಟಿಸುವುದಾದರೆ 3 ಮಿ.ಮೀ.ಗೆ ಸಮೀಪವಿರುವುದು ಒಳ್ಳೆಯದು. ಕೋಣೆಯ ಒಟ್ಟು ಏರಿಳಿತ ತಿಳಿಯಲು ಗಾರೆಯವರ ನೀರಿನ ಟ್ಯೂಬ್ ಮಟ್ಟವೇ ಸಾಕಾಗುತ್ತದೆ. ಅತಿ ಎತ್ತರದ ಬಿಂದುವನ್ನು ಮೊದಲು ಗುರುತಿಸಿ, ಉಳಿದುದೆಲ್ಲವನ್ನೂ ಅಲ್ಲಿಂದ ಲೆಕ್ಕ ಹಾಕುತ್ತಾರೆ.

ತೇವ

ಕಾಂಕ್ರೀಟಿನಲ್ಲಿ ನೀರಿಗೆ ಎರಡು ಮೂಲಗಳಿವೆ. ಮೊದಲನೆಯದು ಕಲಸುವಾಗ ಹಾಕಿದ ನೀರು. 28 ದಿನಗಳಲ್ಲಿ ಕಾಂಕ್ರೀಟಿಗೆ ಲೆಕ್ಕದ ಬಲ ಬರುತ್ತದೆ ಎಂಬುದನ್ನು ಒಣಗಿತು ಎಂದು ಅರ್ಥೈಸುವುದು ಬಹಳ ಸಾಮಾನ್ಯವಾದ ತಪ್ಪು. ಗಟ್ಟಿಯಾಗುವುದು ರಾಸಾಯನಿಕ ಕ್ರಿಯೆ. ಒಣಗುವುದು ನೀರು ಆವಿಯಾಗಿ ಹೊರಹೋಗುವುದು. ಒಳ್ಳೆಯ ಗಾಳಿಯಿರುವಲ್ಲಿ ಮೊದಲ 50 ಮಿ.ಮೀ. ದಪ್ಪಕ್ಕೆ ದಿನಕ್ಕೆ 1 ಮಿ.ಮೀ.ನಂತೆ ಒಣಗುತ್ತದೆಂದು ಹಿಡಿಯುತ್ತಾರೆ. ಅದಕ್ಕಿಂತ ದಪ್ಪವಾದರೆ ವೇಗ ಇನ್ನೂ ತಗ್ಗುತ್ತದೆ. ಹೀಗೆ 100 ಮಿ.ಮೀ. ದಪ್ಪದ ಹೊಸ ನೆಲ ಒಣಗಲು ಹಲವು ತಿಂಗಳು ಬೇಕು.

ಎರಡನೆಯ ಮೂಲ ಕೆಳಗಿನ ಮಣ್ಣು. ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳ ಮೂಲಕ ತೇವ ಮೇಲೇರುತ್ತಲೇ ಇರುತ್ತದೆ. ಹಳೆಯ ನೆಲವೆಂದಾಕ್ಷಣ ಅದು ಒಣಗಿದ ನೆಲವೇನೂ ಅಲ್ಲ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಗೋಡೆಯ ಬುಡಕ್ಕೆ ತೇವ ತಡೆಯುವ ಪಟ್ಟಿ ಇದ್ದರೂ ನೆಲದಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿರುವುದು ವಿರಳ. ಸಿಮೆಂಟ್ ಅಥವಾ ಟೈಲ್ಸ್ ನೆಲದಲ್ಲಿ ಈ ತೇವ ಗೊತ್ತೇ ಆಗದಂತೆ ಆವಿಯಾಗಿ ಹೋಗುತ್ತಿರುತ್ತದೆ. ಮೇಲೆ ಹಲಗೆ ಮುಚ್ಚಿದಾಗ ಅದಕ್ಕೆ ಹೋಗಲು ದಾರಿಯಿಲ್ಲದೆ ಮರದೊಳಗೆ ಸೇರುತ್ತದೆ.

ಮನೆಯಲ್ಲೇ ಮಾಡಬಹುದಾದ ಸರಳ ಪರೀಕ್ಷೆಯೆಂದರೆ ಸುಮಾರು 45 ಸೆಂ.ಮೀ. ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚುಗಳನ್ನು ಟೇಪಿನಿಂದ ಬಿಗಿದು, ಕನಿಷ್ಠ 16 ಗಂಟೆ ಬಿಡುವುದು. ತೆಗೆದಾಗ ಹಾಳೆಯ ಒಳಬದಿಯಲ್ಲಿ ಹನಿ ಕಂಡರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ತೇವವಿದೆ. ಏನೂ ಕಾಣದಿದ್ದರೆ ತೇವವಿಲ್ಲ ಎಂದು ತೀರ್ಮಾನಿಸುವಂತಿಲ್ಲ; ಮಾರ್ಚ್ ತಿಂಗಳಲ್ಲಿ ಒಣಗಿ ತೋರುವ ನೆಲ ಆಗಸ್ಟಿನಲ್ಲಿ ಹಾಗಿರುವುದಿಲ್ಲ. ಮಳೆಗಾಲದಲ್ಲಿ ಅಥವಾ ಅದು ಮುಗಿದ ಕೂಡಲೇ ಪರೀಕ್ಷಿಸುವುದು ಹೆಚ್ಚು ನಂಬಲರ್ಹ. ವೃತ್ತಿನಿರತರು ಕಾಂಕ್ರೀಟಿನಲ್ಲಿ ರಂಧ್ರ ಕೊರೆದು ಒಳಗಿನ ಸಾಪೇಕ್ಷ ಆರ್ದ್ರತೆಯನ್ನು ಅಳೆಯುತ್ತಾರೆ, ಇಲ್ಲವೆ ಮೇಲ್ಮೈಗೆ ಆರ್ದ್ರತಾಮಾಪಕವನ್ನು ಬಿಗಿಯಾಗಿ ಕೂರಿಸುತ್ತಾರೆ. ಬ್ರಿಟನ್ನಿನ ರೂಢಿಯಂತೆ ಹೀಗೆ ಮೇಲ್ಮೈಯಲ್ಲಿ ಅಳೆದಾಗ ಶೇ. 75 ಮೀರದ ನೆಲವನ್ನು ಮರಕ್ಕೆ ಯೋಗ್ಯವೆಂದು ಪರಿಗಣಿಸುತ್ತಾರೆ.

ತೇವ ತಡೆಗೆ ಎರಡು ದಾರಿಗಳಿವೆ. ಕನಿಷ್ಠ 250 ಮೈಕ್ರಾನ್ ದಪ್ಪದ ಪಾಲಿಥೀನ್ ಹಾಳೆಯನ್ನು, ಒಂದರ ಮೇಲೊಂದು 150 ಮಿ.ಮೀ. ಬರುವಂತೆ ಹಾಸಿ, ಸಂದುಗಳಿಗೆ ಟೇಪ್ ಹಾಕಿ, ಗೋಡೆಯ ಬುಡದಲ್ಲಿ ಮೇಲಕ್ಕೆ ಮಡಿಚುವುದು ಒಂದು. ಎಪಾಕ್ಸಿ ಲೇಪವನ್ನು ಎರಡು ಸಲ ಬಳಿಯುವುದು ಇನ್ನೊಂದು. ಹಾಳೆ ಅಗ್ಗ. ಆದರೆ ಅದರ ಮೇಲೆ ಪಟ್ಟಿಗಳನ್ನಿಟ್ಟು ಸ್ಕ್ರೂ ಬಿಗಿದರೆ ಪ್ರತಿ ಸ್ಕ್ರೂ ಕೂಡ ಹಾಳೆಯಲ್ಲಿ ಒಂದು ತೂತು. ಇಂಥಲ್ಲಿ ಪಟ್ಟಿಗಳನ್ನು ನೆಲಕ್ಕೆ ಬಿಗಿಯದೆ ತೇಲುವಂತೆ ಬಿಡಬೇಕು, ಇಲ್ಲವೆ ಲೇಪವನ್ನೇ ಆರಿಸಿಕೊಂಡು ಪಟ್ಟಿಗಳನ್ನು ಅದರ ಮೇಲೆ ಅಂಟಿಸಬೇಕು. ಕೋಣೆಯ ಒಂದು ಮೂಲೆಯಲ್ಲಿ ಮಾತ್ರ ತೇವವಿದ್ದರೆ ಹೆಚ್ಚಾಗಿ ಅದು ಮಣ್ಣಿನದಾಗಿರದೆ ಬಚ್ಚಲಿನ ಪೈಪಿನ ಸೋರಿಕೆಯಾಗಿರುತ್ತದೆ. ಅದನ್ನು ಮುಚ್ಚುವುದಲ್ಲ, ದುರಸ್ತಿ ಮಾಡಬೇಕು.

ಮರದ ಹಿಗ್ಗು ಮತ್ತು ಕುಗ್ಗು

ಮರ ಕಡಿದು ಎಷ್ಟೇ ವರ್ಷವಾದರೂ ಸುತ್ತಲಿನ ಗಾಳಿಯೊಂದಿಗೆ ತೇವದ ಕೊಡುಕೊಳ್ಳುವಿಕೆ ನಡೆಸುತ್ತಲೇ ಇರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 50 ಇರುವಲ್ಲಿ ಮರದ ತೇವಾಂಶ ಶೇ. 9ರ ಸುಮಾರಿಗೂ, ಶೇ. 80 ಇರುವಲ್ಲಿ ಶೇ. 15-16ಕ್ಕೂ ಬಂದು ನಿಲ್ಲುತ್ತದೆ. ತೇವ ಹೆಚ್ಚಿದಾಗ ಹಲಗೆ ಉದ್ದಕ್ಕೆ ಬೆಳೆಯುವುದು ಗಣನೆಗೆ ಬಾರದಷ್ಟು ಕಡಿಮೆ. ಬೆಳೆಯುವುದು ಅಗಲಕ್ಕೆ.

ಒಂದು ಲೆಕ್ಕ ಇದನ್ನು ಸ್ಪಷ್ಟಪಡಿಸುತ್ತದೆ. ತೇಗ ಕಡಿಮೆ ಹಿಗ್ಗುವ ಮರಗಳಲ್ಲೊಂದು. ಹಸಿ ಸ್ಥಿತಿಯಿಂದ ಪೂರ್ಣ ಒಣಗುವವರೆಗೆ ಅದು ವರ್ಷವಲಯದ ಗುಂಟ ಸುಮಾರು ಶೇ. 5.8ರಷ್ಟು ಕುಗ್ಗುತ್ತದೆ. ಅಂದರೆ ತೇವಾಂಶದ ಶೇ. 1ರ ಬದಲಾವಣೆಗೆ ಅಗಲದಲ್ಲಿ ಸುಮಾರು ಶೇ. 0.19ರಷ್ಟು ವ್ಯತ್ಯಾಸ. ಬೇಸಿಗೆಯಿಂದ ಮಳೆಗಾಲಕ್ಕೆ ತೇವಾಂಶ ಶೇ. 4ರಷ್ಟು ಏರಿದರೆ 100 ಮಿ.ಮೀ. ಅಗಲದ ಒಂದು ಹಲಗೆ ಮುಕ್ಕಾಲು ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಇದು ಅತ್ಯಲ್ಪವೆನಿಸಬಹುದು. ಆದರೆ 3 ಮೀಟರ್ ಅಗಲದ ಕೋಣೆಯಲ್ಲಿ ಇಂಥ 30 ಹಲಗೆಗಳಿವೆ. ಒಟ್ಟು ಹಿಗ್ಗು ಸುಮಾರು 23 ಮಿ.ಮೀ. ಹಲಗೆಗಳನ್ನು ಗೋಡೆಯಿಂದ ಗೋಡೆಗೆ ಬಿಗಿಯಾಗಿ ಕೂರಿಸಿದ್ದರೆ ಅವು ಮೇಲಕ್ಕೇಳುವುದಲ್ಲದೆ ಬೇರೆ ಮಾರ್ಗವಿಲ್ಲ. ಪ್ರತಿ ಗೋಡೆಯ ಬಳಿ 12ರಿಂದ 15 ಮಿ.ಮೀ. ಸಂದು ಬಿಟ್ಟು, ಅದನ್ನು ಸ್ಕರ್ಟಿಂಗ್ ಪಟ್ಟಿಯಿಂದ ಮರೆಮಾಡುವುದಕ್ಕೆ ಕಾರಣ ಇದು. ಸ್ಕರ್ಟಿಂಗನ್ನು ಗೋಡೆಗೆ ಬಿಗಿಯಬೇಕೇ ಹೊರತು ಹಲಗೆಗಲ್ಲ.

ಭಾರತೀಯ ಮಾನಕ ಐ.ಎಸ್. 287 ದೇಶವನ್ನು ಆರ್ದ್ರತೆಗೆ ಅನುಗುಣವಾಗಿ ನಾಲ್ಕು ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯದಲ್ಲಿ ಬಳಸುವ ಮರಕ್ಕೆ ಇರಬಹುದಾದ ತೇವಾಂಶವನ್ನು ಸೂಚಿಸುತ್ತದೆ. ಕಲಬುರಗಿಯ ಒಣಹವೆಗೆ ಹೊಂದಿದ ಹಲಗೆಯನ್ನು ಮಂಗಳೂರಿಗೆ ಒಯ್ದು ಹಾಸಿದರೆ ಅದು ಹಿಗ್ಗುತ್ತದೆ. ಕರಾವಳಿಯ ಹಲಗೆ ಕಲಬುರಗಿಯಲ್ಲಿ ಕುಗ್ಗಿ ಸಂದು ಬಿಡುತ್ತದೆ. ಆದ್ದರಿಂದ ಹಲಗೆಗಳನ್ನು ಹಾಸಲಿರುವ ಕೋಣೆಯಲ್ಲೇ, ನಡುವೆ ಗಾಳಿಯಾಡಲು ಸಣ್ಣ ಪಟ್ಟಿಗಳನ್ನಿಟ್ಟು, ಒಂದೆರಡು ವಾರ ಪೇರಿಸಿಡುತ್ತಾರೆ. ಗಾರೆ ಮತ್ತು ಬಣ್ಣದ ಕೆಲಸ ಮುಗಿದು ಗೋಡೆ ಒಣಗಿದ ನಂತರವಷ್ಟೇ ಹೀಗೆ ಮಾಡಿದರೆ ಪ್ರಯೋಜನ. ಹಸಿ ಗಾರೆಯ ಕೋಣೆಯಲ್ಲಿಟ್ಟ ಮರ ಇನ್ನಷ್ಟು ನೀರು ಕುಡಿಯುತ್ತದೆ.

ಒಡೆಯುವುದೋ, ತುಂಬುವುದೋ

ಹಳೆಯ ನೆಲವನ್ನು ಒಡೆಯುವ ನಿರ್ಧಾರವನ್ನು ಆತುರದಲ್ಲಿ ಕೈಗೊಳ್ಳಬಾರದು. ಮೇಲಂತಸ್ತಿನಲ್ಲಿ ಕಾಂಕ್ರೀಟ್ ನೆಲವೆಂದರೆ ಕೆಳಮನೆಯ ಚಾವಣಿಯೇ. ಅದರ ಉಕ್ಕಿನ ಸರಳುಗಳ ಮೇಲಿನ ಹೊದಿಕೆ ಸಾಮಾನ್ಯವಾಗಿ 20 ಮಿ.ಮೀ.ನಷ್ಟೇ ಇರುತ್ತದೆ. ಗೋಡೆ ಮತ್ತು ತೊಲೆಗಳ ಸಮೀಪ ಮುಖ್ಯ ಸರಳುಗಳು ಮೇಲ್ಭಾಗದಲ್ಲೇ ಇರುತ್ತವೆ. ದಿಬ್ಬವೆಂದು ಉಳಿ ಹಾಕಿದರೆ ತಾಗುವುದು ಅವಕ್ಕೆ. ವಿದ್ಯುತ್ ಮತ್ತು ನೀರಿನ ಪೈಪುಗಳೂ ನೆಲದೊಳಗೆ ಹಾಯ್ದಿರುತ್ತವೆ.

ಗಾರೆ ತುಂಬಿ ಸಮ ಮಾಡುವುದಕ್ಕೂ ಮಿತಿಯಿದೆ, ಅದು ತೂಕದ ಮಿತಿ. 4 ಮೀಟರ್ ಉದ್ದ, 3 ಮೀಟರ್ ಅಗಲದ ಕೋಣೆಗೆ 50 ಮಿ.ಮೀ. ದಪ್ಪ ಸಿಮೆಂಟ್ ಗಾರೆ ಹಾಕಿದರೆ ಸುಮಾರು ಒಂದೂಕಾಲು ಟನ್ ಭಾರ ಸೇರುತ್ತದೆ, ಅಂದರೆ ಪ್ರತಿ ಚದರ ಮೀಟರಿಗೆ 100 ಕೆ.ಜಿ.ಗೂ ಹೆಚ್ಚು. ವಾಸದ ಕೋಣೆಗಳಲ್ಲಿ ಜನ, ಪೀಠೋಪಕರಣ ಎಲ್ಲಕ್ಕೂ ಸೇರಿ ಐ.ಎಸ್. 875 ಲೆಕ್ಕ ಹಿಡಿಯುವ ಭಾರ ಪ್ರತಿ ಚದರ ಮೀಟರಿಗೆ ಸುಮಾರು 200 ಕೆ.ಜಿ. ಹೀಗಿರುವಾಗ ಇಂಜಿನಿಯರರನ್ನು ಕೇಳದೆ ಮೇಲಂತಸ್ತಿಗೆ ಇಷ್ಟು ಗಾರೆ ಹೇರುವುದು ಅವಿವೇಕ. ಅದೇ ಜಾಗದಲ್ಲಿ 20 ಮಿ.ಮೀ. ತೇಗದ ಹಲಗೆ ಪ್ರತಿ ಚದರ ಮೀಟರಿಗೆ 13 ಕೆ.ಜಿ.ಯಷ್ಟು ತೂಗುತ್ತದೆ.

ಸಣ್ಣ ದಿಬ್ಬಗಳನ್ನು ವಜ್ರದ ಹರಳಿನ ತಟ್ಟೆಯಿರುವ ಯಂತ್ರದಿಂದ ತೇಯ್ದು ತೆಗೆಯಬಹುದು. ಈ ಕೆಲಸದ ಧೂಳು ಅಪಾಯಕಾರಿ. ಅದರಲ್ಲಿರುವ ಸಿಲಿಕಾ ಕಣಗಳು ಶ್ವಾಸಕೋಶದ ಸಿಲಿಕೋಸಿಸ್ ಕಾಯಿಲೆಗೆ ಕಾರಣವಾಗುತ್ತವೆ, ಕ್ಯಾನ್ಸರ್‌ಕಾರಕವೆಂದೂ ಗುರುತಿಸಲ್ಪಟ್ಟಿವೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಮುಚ್ಚಿದ ಕೋಣೆಯಲ್ಲಿ ಕೆಲಸ ಮಾಡುವುದು ಕಟ್ಟಡದ ಕೆಲಸಗಳಲ್ಲಿ ಸಾಮಾನ್ಯ ದೃಶ್ಯ. ಕರವಸ್ತ್ರ ಆ ಕಣಗಳನ್ನು ತಡೆಯುವುದಿಲ್ಲ. ನೀರು ಹಾಯಿಸುತ್ತ ಅಥವಾ ಧೂಳು ಹೀರುವ ಯಂತ್ರ ಜೋಡಿಸಿ ತೇಯಬೇಕು, ಸರಿಯಾದ ಶ್ವಾಸರಕ್ಷಕ ಧರಿಸಬೇಕು. ಪಾಶ್ಚಾತ್ಯ ದೇಶಗಳ ಹಳೆಯ ಮನೆಗಳಲ್ಲಿ ಕಾಂಕ್ರೀಟಿನ ಮೇಲಿನ ಹಳೆಯ ವಿನೈಲ್ ಬಿಲ್ಲೆಗಳಲ್ಲೂ ಅವುಗಳ ಕಪ್ಪು ಅಂಟಿನಲ್ಲೂ ಕಲ್ನಾರು ಇರುವ ಸಂಭವವಿದೆ. ಪರೀಕ್ಷೆಯಿಲ್ಲದೆ ಅವನ್ನು ಕೆರೆಯಬಾರದು.

10 ಮಿ.ಮೀ. ಒಳಗಿನ ತಗ್ಗುಗಳಿಗೆ ತಾನಾಗಿ ಹರಡಿ ಮಟ್ಟವಾಗುವ ಸಿಮೆಂಟ್ ಮಿಶ್ರಣಗಳು ದೊರೆಯುತ್ತವೆ. ಧೂಳು, ಎಣ್ಣೆ, ಹಳೆಯ ಬಣ್ಣ ತೆಗೆದು, ಮೊದಲು ಪ್ರೈಮರ್ ಬಳಿದು ಸುರಿಯಬೇಕು. ಪ್ರೈಮರ್ ತಪ್ಪಿಸಿದರೆ ಹೊಸ ಪದರ ತಟ್ಟಿದಾಗ ಟೊಳ್ಳು ಸದ್ದು ಕೊಡುತ್ತದೆ, ಬರಬರುತ್ತ ಪುಡಿಯಾಗುತ್ತದೆ. ಹೆಚ್ಚಿನ ಆಳಕ್ಕೆ 1:3 ಅಥವಾ 1:4ರ ಸಿಮೆಂಟ್-ಮರಳು ಗಾರೆ ಸೂಕ್ತ. ಹಳೆಯ ನೆಲಕ್ಕೆ ಹಿಡಿದುಕೊಳ್ಳುವಂತೆ ಕಚ್ಚು ಮಾಡಿ ಹಾಕಿದರೂ ಅದಕ್ಕೆ ಕನಿಷ್ಠ 25 ಮಿ.ಮೀ. ದಪ್ಪ ಬೇಕು. ಈ ಹೊಸ ಗಾರೆಯೂ ಒಣಗುವವರೆಗೆ ಕಾಯಬೇಕೆಂಬುದನ್ನು ಮರೆಯುವಂತಿಲ್ಲ.

ಹಾಸುವ ವಿಧಾನಗಳು

ಬಹಳ ಏರುತಗ್ಗಿರುವ ನೆಲಕ್ಕೆ ರೀಪಿನ ವಿಧಾನ ಹೆಚ್ಚು ಹೊಂದುತ್ತದೆ. ಹಂಚಿನ ಮಾಡಿನ ರೀಪಿಗಿಂತ ದಪ್ಪನೆಯ, ಸುಮಾರು 50 ಮಿ.ಮೀ. ಅಗಲ ಮತ್ತು 40 ಮಿ.ಮೀ. ಎತ್ತರದ ಪಟ್ಟಿಗಳನ್ನು 400 ಮಿ.ಮೀ. ಅಂತರದಲ್ಲಿ ಹಲಗೆಗೆ ಅಡ್ಡಲಾಗಿ ಇಡುತ್ತಾರೆ. ತಗ್ಗಿರುವಲ್ಲಿ ಪಟ್ಟಿಯ ಕೆಳಗೆ ಗಟ್ಟಿ ಪ್ಲಾಸ್ಟಿಕ್ ಅಥವಾ ಮೆರೀನ್ ಪ್ಲೈವುಡ್ ತುಂಡುಗಳನ್ನಿಟ್ಟು ಎತ್ತರ ಸರಿಪಡಿಸುತ್ತಾರೆ. ಹೀಗೆ ಕಾಂಕ್ರೀಟನ್ನು ಮುಟ್ಟದೆಯೇ ನೆಲ ಸಮವಾಗುತ್ತದೆ. ಎರಡು ಆಧಾರಗಳ ನಡುವೆ ಪಟ್ಟಿ ತೂಗಾಡದಂತೆ ಈ ತುಂಡುಗಳು ಒತ್ತೊತ್ತಾಗಿರಬೇಕು ಮತ್ತು ಜಾರದಂತೆ ಅಂಟಿಸಿರಬೇಕು. ಬಡಗಿಗಳು ಇಲ್ಲಿ ಉಳಿಸುವ ಒಂದು ಗಂಟೆ ಮುಂದೆ ವರ್ಷಗಟ್ಟಲೆ ಕಿರ್‌ಗುಟ್ಟುತ್ತದೆ. ನಂತರ 18ರಿಂದ 22 ಮಿ.ಮೀ. ದಪ್ಪದ ಹಲಗೆಗಳನ್ನು, ಒಂದರ ಅಂಚಿನ ನಾಲಿಗೆ ಇನ್ನೊಂದರ ತೋಡಿನಲ್ಲಿ ಕೂರುವಂತೆ ಜೋಡಿಸಿ, ನಾಲಿಗೆಯ ಮೂಲಕ ಓರೆಯಾಗಿ ಮೊಳೆ ಹೊಡೆಯುತ್ತಾರೆ. ಮುಂದಿನ ಹಲಗೆ ಆ ಮೊಳೆಯನ್ನು ಮುಚ್ಚುತ್ತದೆ.

ಎರಡನೆಯದು ಪ್ಲೈವುಡ್ ತಳದ ವಿಧಾನ. ಐ.ಎಸ್. 710 ಮಾನಕದ ಮೆರೀನ್ ಪ್ಲೈವುಡ್ ಹಾಳೆಗಳನ್ನು ಸಪಾಟಾದ ನೆಲಕ್ಕೆ ಬಿಗಿದು, ಅದಕ್ಕೆ ಹಲಗೆ ಹೊಡೆಯುತ್ತಾರೆ. ಮೂರನೆಯದು ಹಿಗ್ಗುಕುಗ್ಗಿಗೆ ಬಗ್ಗಬಲ್ಲ ಅಂಟಿನಿಂದ ನೇರವಾಗಿ ಕಾಂಕ್ರೀಟಿಗೆ ಅಂಟಿಸುವುದು.

ನಾಲ್ಕನೆಯದು ತೇಲುವ ಹಾಸು. ತೆಳು ಫೋಮ್ ಹಾಳೆಯ ಮೇಲೆ ಹಲಗೆಗಳು ಪರಸ್ಪರ ಕಚ್ಚಿಕೊಂಡಿರುತ್ತವೆ, ನೆಲಕ್ಕೆ ಎಲ್ಲೂ ಅಂಟಿರುವುದಿಲ್ಲ. ಅಂಗಡಿಗಳಲ್ಲಿ ‘ವುಡನ್ ಫ್ಲೋರಿಂಗ್’ ಎಂದು ಮಾರುವ ಸರಕಿನಲ್ಲಿ ಗಣನೀಯ ಭಾಗ ಈ ಬಗೆಯ ಲ್ಯಾಮಿನೇಟ್. ಇದು 1977ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿತು. ಅಂಟಿಲ್ಲದೆ ಕಚ್ಚಿಕೊಳ್ಳುವ ಜೋಡಣೆ 1990ರ ದಶಕದಲ್ಲಿ ಬಂತು. ಇದರ ಮೇಲ್ಪದರದಲ್ಲಿರುವುದು ಮರದ ಚಿತ್ರ ಮುದ್ರಿಸಿದ ಕಾಗದ, ಒಡಲು ಮರದ ನಾರಿನ ಹಲಗೆ. ಇದನ್ನು ಮತ್ತೆ ತೇಯ್ದು ಹೊಸದಾಗಿಸಲು ಬರುವುದಿಲ್ಲ. ನೀರು ಕುಡಿದ ಅಂಚು ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ಪ್ಲೈವುಡ್ ಒಡಲಿನ ಮೇಲೆ ನಿಜವಾದ ಮರದ ಪದರವಿರುವ ಹಲಗೆ ಇದಕ್ಕಿಂತ ಬೇರೆಯದು. ಅದು ಇಡೀ ಮರದ ಹಲಗೆಗಿಂತ ಕಡಿಮೆ ಹಿಗ್ಗುತ್ತದೆ, ಮೇಲ್ಪದರ ದಪ್ಪವಿದ್ದರೆ ಒಂದೆರಡು ಸಲ ತೇಯಲೂಬಹುದು.

ಮರದ ಆಯ್ಕೆ

ಕರ್ನಾಟಕದ ಮರಗಳಲ್ಲಿ ತೇಗ, ಹೊನ್ನೆ, ಮತ್ತಿ, ನಂದಿ, ಹೆಬ್ಬಲಸು ಮತ್ತು ಹಲಸು ಹಲಗೆಗೆ ಒದಗುತ್ತವೆ. ಹಳೆಯ ಮನೆ ಕೆಡವಿದಾಗ ಸಿಗುವ ತೊಲೆಗಳನ್ನು ಸೀಳಿಸಿದ ಹಲಗೆ ಚೆನ್ನಾಗಿ ಹದವಾಗಿರುತ್ತದೆ. ಅದರಲ್ಲಿ ಹುದುಗಿದ ಮೊಳೆಗಳನ್ನೂ ಕುಟ್ಟೆಹುಳುವಿನ ಸಣ್ಣ ತೂತುಗಳನ್ನೂ ನೋಡಿ ಕೊಳ್ಳಬೇಕು. ಅರಣ್ಯ ಮರಗಳ ಸಾಗಣೆಗೆ ಕರ್ನಾಟಕ ಅರಣ್ಯ ಕಾಯ್ದೆ, 1963ರ ಅಡಿಯಲ್ಲಿ ಪರವಾನಗಿಯ ನಿಯಮಗಳಿವೆ. ಮರಗಳ ಗುಣಲಕ್ಷಣ, ಹದಗೊಳಿಸುವಿಕೆ ಮತ್ತು ಸಂರಕ್ಷಣೆಯ ಅಧ್ಯಯನ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ನಡೆಯುತ್ತದೆ.

ಗೆದ್ದಲು ಇರುವ ಪ್ರದೇಶದಲ್ಲಿ ಹಲಗೆಗಿಂತ ಮೊದಲು ಕೆಡುವುದು ಕಣ್ಣಿಗೆ ಕಾಣದ ರೀಪು. ಅಗ್ಗವೆಂದು ಬಿಳಿತಿರುಳಿನ ಕಾಡುಮರದ ರೀಪು ಹಾಕಿ ಮೇಲೆ ತೇಗ ಹಾಸುವುದು ತಲೆಕೆಳಗಾದ ಉಳಿತಾಯ. ರೀಪಿಗೆ ಸಂರಕ್ಷಕ ದ್ರಾವಣ ಉಣಿಸಿರಬೇಕು. ಕಟ್ಟಿದ ಮನೆಯ ನೆಲ ಮತ್ತು ಗೋಡೆಯ ಸಂದಿನಲ್ಲಿ ಗೆದ್ದಲು ತಡೆ ಔಷಧ ಹಾಯಿಸುವ ಕ್ರಮವನ್ನು ಐ.ಎಸ್. 6313ರ ಮೂರನೆಯ ಭಾಗ ವಿವರಿಸುತ್ತದೆ.

ಎತ್ತರದ ಸಮಸ್ಯೆ

ರೀಪು ಮತ್ತು ಹಲಗೆ ಸೇರಿ ನೆಲ 60 ಮಿ.ಮೀ.ಗಿಂತ ಹೆಚ್ಚು ಮೇಲೇರುತ್ತದೆ. ಬಾಗಿಲುಗಳ ಕೆಳಭಾಗ ಕತ್ತರಿಸಬೇಕಾಗುತ್ತದೆ, ಪಕ್ಕದ ಕೋಣೆಗೆ ಹೋಗುವಲ್ಲಿ ಹೊಸ ಮೆಟ್ಟಿಲು ಹುಟ್ಟಿಕೊಳ್ಳುತ್ತದೆ. ಒಳಮೆಟ್ಟಿಲಿನ ಮೊದಲ ಹೆಜ್ಜೆ ಉಳಿದವುಗಳಿಗಿಂತ ಗಿಡ್ಡವಾದರೆ ಅಭ್ಯಾಸಬಲದಿಂದ ಹತ್ತುವವರು, ವಿಶೇಷವಾಗಿ ವೃದ್ಧರು, ಎಡವುತ್ತಾರೆ. ಕನ್ನಡ ನಾಡಿನ ಮನೆಗಳಲ್ಲಿ ಹೊಸ್ತಿಲಿಗೆ ರಂಗೋಲಿಯಿಟ್ಟು ಅರಿಸಿನ ಕುಂಕುಮ ಹಚ್ಚುವ ರೂಢಿಯಿದೆ. ಹಲಗೆ ಅದನ್ನು ನುಂಗಿಹಾಕುವುದು ಹಲವರಿಗೆ ಒಪ್ಪಿತವಲ್ಲ. ಇಂಥಲ್ಲಿ ಹಾಸನ್ನು ಒಂದು ಮಲಗುವ ಕೋಣೆಗೆ ಸೀಮಿತಗೊಳಿಸುವುದು ರೂಢಿ. ಅಡುಗೆಮನೆ, ಬಚ್ಚಲು ಮತ್ತು ದೇವರಮನೆಗೆ ಮರದ ನೆಲ ಯೋಗ್ಯವಲ್ಲ. ಬಿರುಕಿಲ್ಲದ, ನಯವಾದ ಹಳೆಯ ಕಾವಿ ನೆಲವಿರುವ ಮನೆಯಲ್ಲಿ ಅದನ್ನು ಮುಚ್ಚುವ ಮೊದಲು ಎರಡು ಬಾರಿ ಯೋಚಿಸುವುದು ಲೇಸು. ಅಂಥ ನೆಲ ಮಾಡುವ ಗಾರೆಯವರು ಈಗ ಸುಲಭವಾಗಿ ಸಿಗುವುದಿಲ್ಲ.

ನಿರ್ವಹಣೆ ಮತ್ತು ದೋಷಗಳು

ಹಾಸಿದ ಹಲಗೆಯನ್ನು ತೇಯ್ದು ಎಣ್ಣೆ ಅಥವಾ ಪಾಲಿಯುರಿಥೇನ್ ಲೇಪ ಕೊಡುತ್ತಾರೆ. ಲೇಪ ಕಲೆ ಮತ್ತು ಸವೆತವನ್ನು ತಡೆಯುತ್ತದೆ, ಗಾಳಿಯ ತೇವವನ್ನು ಪೂರ್ತಿ ತಡೆಯಲಾರದು. ಗುಡಿಸಿ, ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸುವುದು ಸಾಕು.

ಹಲಗೆಯ ಎರಡೂ ಅಂಚು ಮೇಲೆದ್ದು ನಡುವೆ ತಗ್ಗಾದರೆ, ಹಲಗೆಯ ಕೆಳಬದಿ ಮೇಲ್ಬದಿಗಿಂತ ಹೆಚ್ಚು ತೇವಗೊಂಡಿದೆ ಎಂದರ್ಥ. ಇದನ್ನು ಕಂಡ ಕೂಡಲೇ ತೇಯಿಸಿ ಸಮ ಮಾಡಿಸುವವರಿದ್ದಾರೆ. ಆಗ ಅಂಚುಗಳು ಸವೆಯುತ್ತವೆ. ಮುಂದೆ ಬೇಸಿಗೆಯಲ್ಲಿ ಹಲಗೆ ಒಣಗಿ ತನ್ನ ಸ್ಥಿತಿಗೆ ಮರಳಿದಾಗ ನಡುಭಾಗ ಉಬ್ಬಿಕೊಂಡು ನಿಲ್ಲುತ್ತದೆ, ಅದಕ್ಕೆ ಮತ್ತೊಮ್ಮೆ ತೇಯುವುದರ ಹೊರತು ಪರಿಹಾರವಿಲ್ಲ. ಮೊದಲು ನೀರಿನ ಮೂಲ ಹುಡುಕಿ ನಿಲ್ಲಿಸಬೇಕು, ನಂತರ ಒಂದು ಒಣ ಋತು ಕಳೆಯುವವರೆಗೆ ಹಲಗೆಯನ್ನು ಹಾಗೆಯೇ ಬಿಡಬೇಕು. ಎಷ್ಟೋ ಬಾರಿ ಅದು ತಾನಾಗಿಯೇ ಸಮನಾಗುತ್ತದೆ. ಹಲಗೆ ನೆಲದಿಂದ ಪೂರ್ತಿ ಮೇಲೆದ್ದು ಕಮಾನಿನಂತಾಗಿದ್ದರೆ ಗೋಡೆಯ ಬಳಿಯ ಸಂದು ಸಾಕಷ್ಟಿಲ್ಲವೆಂದು ತಿಳಿಯಬೇಕು. ಸ್ಕರ್ಟಿಂಗ್ ಬಿಚ್ಚಿ, ಗೋಡೆಗೆ ಒತ್ತಿರುವ ಕೊನೆಯ ಹಲಗೆಯ ಅಂಚನ್ನು ಸೀಳಿ ತೆಗೆದರೆ ಒತ್ತಡ ಇಳಿಯುತ್ತದೆ.